ಚಿತ್ರ ಒಂದೇ, ಮಾತು ಅವರವರದು

(ಕನ್ನಡ ಗೆಳೆಯರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನನ್ನು ಮಾತಿಗೆ ಕರೆದವರು ಧೈರ್ಯಸ್ಥರು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿಕೊಂಡವನು ನಾನು. ಇಷ್ಟು ವರ್ಷ ಬೇರೆಯವರ ಭಾಷಣಗಳನ್ನು ಅಚ್ಚು ಹಾಕಿದ್ದೇನೆಯೇ ಹೊರತು ನಾನೇ ಎದ್ದು ನಿಂತು ಮಾತಾಡಿದ್ದು ಕಡಿಮೆ. ಅದಕ್ಕೇ ದೊಡ್ಡ ದೊಡ್ಡ ವಿಷಯಕ್ಕೆ ಕೈ ಹಾಕುವುದಿಲ್ಲ. ಒಂದೇ ಒಂದು ದಿನದ ಟೀವಿ ಕಾರ್ಯಕ್ರಮದ ಬಗ್ಗೆ ಹೇಳುತ್ತೇನೆ. ಆ ದಿನ 1967ರ ಜೂನ್ 25, ಭಾನುವಾರ.

ನಮಗೆ ಸಂಬಂಧವಿಲ್ಲದ ಯಾವುದೋ ಹಳೇ ಟೀವಿ ಕತೆ ಈಗ ಯಾಕಪ್ಪ ಎಂದು ಕೇಳುವವರು ಕೇಳಬಹುದು. ಸಂಬಂಧ ಇದೆ ಸ್ವಾಮಿ. ನಮಗೆ ವರ್ಷಾನುಗಟ್ಟಲೆ ಒಂದು ಮಾತು ಹೇಳುತ್ತ ಬಂದಿದ್ದಾರೆ. ಇಷ್ಟು ದೊಡ್ಡ ದೇಶ, ಇಷ್ಟೊಂದು ಭಾಷೆ, ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಕಾರ್ಯಕ್ರಮ ತೋರಿಸಬೇಕಾದರೆ ಭಾಷೆಯೂ ಒಂದೇ ಇರಬೇಕು, ಬೇರೆ ದಾರಿ ಇಲ್ಲ, ಯಂತ್ರಕ್ಕೆ ಅದು ಸಾಧ್ಯವಿಲ್ಲ ಎಂದು. ಈ ಮಾತು ನಿಜವೋ ಸುಳ್ಳೋ ಎಂದು ತೂಗಿ ನೋಡಲು ಆ ಒಂದು ದಿನ ಸಾಕು.

ಆ ದಿನದ ಕಾರ್ಯಕ್ರಮದ ಹೆಸರು 'ಅವರ್ ವರ್ಲ್ಡ್', ಅಂದರೆ 'ನಮ್ಮ ಜಗತ್ತು'. ಎರಡು ಗಂಟೆಗೂ ಮೀರಿದ ಕಾರ್ಯಕ್ರಮ. ಬೇರೆ ಬೇರೆ ಖಂಡಗಳಿಂದ ಉಪಗ್ರಹದ ಮೂಲಕ ನೇರವಾಗಿ ಬಂದ ಚಿತ್ರಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ, ಅದೇ ಗಳಿಗೆಯಲ್ಲಿ ಹಲವು ದೇಶಗಳ ಮನೆಮನೆಗೆ ತಲುಪಿಸಿದ್ದು ಅದೇ ಮೊದಲು. ಬ್ರಿಟನ್ನಿನ ಬಿಬಿಸಿಯಲ್ಲಿದ್ದ ಆಬ್ರಿ ಸಿಂಗರ್ ಎಂಬುವರ ತಲೆಯಲ್ಲಿ ಹುಟ್ಟಿದ ಯೋಚನೆ ಇದು. ಆಮೇಲೆ ಯೂರೋಪಿನ ಪ್ರಸಾರ ಒಕ್ಕೂಟ ಹೊಣೆ ಹೊತ್ತುಕೊಂಡಿತು. ಮುಖ್ಯ ನಿಯಂತ್ರಣ ಕೊಠಡಿ ಮಾತ್ರ ಲಂಡನ್ನಿನ ಬಿಬಿಸಿಯಲ್ಲೇ ಉಳಿಯಿತು. ತಯಾರಿಗೆ ಹತ್ತು ತಿಂಗಳು ಹಿಡಿಯಿತು. ತಂತ್ರಜ್ಞರು, ನಿರ್ಮಾಪಕರು, ದುಭಾಷಿಗಳು ಎಲ್ಲ ಸೇರಿ ಸುಮಾರು 10,000 ಜನ ದುಡಿದರು. ದುಭಾಷಿಗಳು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಆಮೇಲೆ ಬರುತ್ತೇನೆ.

ಆಕಾಶದಲ್ಲಿ ನಾಲ್ಕು ಉಪಗ್ರಹಗಳನ್ನು ಬಳಸಿಕೊಂಡರು. ಮೂರು ಇಂಟೆಲ್‌ಸ್ಯಾಟ್ ಸಂಸ್ಥೆಯವು, ಒಂದು ಅಮೆರಿಕದ ನಾಸಾದ್ದು. ಇಂಟೆಲ್‌ಸ್ಯಾಟಿನ ಮೊದಲನೆಯದಕ್ಕೆ 'ಅರ್ಲಿ ಬರ್ಡ್' ಎಂಬ ಮುದ್ದಿನ ಹೆಸರು. ಅದನ್ನು 1965ರ ಏಪ್ರಿಲ್ 6ರಂದು ಹಾರಿಸಿದ್ದರು. ಅದರ ತಾಕತ್ತು ಎಷ್ಟು ಗೊತ್ತೇ? 240 ದೂರವಾಣಿ ಮಾತುಕತೆ, ಇಲ್ಲವೇ ಒಂದೇ ಒಂದು ಟೀವಿ ಚಾನೆಲ್ಲು. ಎರಡರಲ್ಲಿ ಒಂದು! ಇವತ್ತು ನಮ್ಮ ಜೇಬಿನಲ್ಲಿರುವ ಮೊಬೈಲು ನಗುವಂಥ ಲೆಕ್ಕ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇಂಥ ಉಪಗ್ರಹ ನಿಂತಲ್ಲೇ ನಿಂತಂತೆ ಕಾಣುತ್ತದೆ. ಭೂಮಿ ಒಂದು ಸುತ್ತು ಸುತ್ತುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುತ್ತದೆ, ಅದಕ್ಕೇ ಹಾಗೆ. ಕೆಳಗಿನಿಂದ ಹೋದ ಚಿತ್ರ ಮೇಲೆ ಮುಟ್ಟಿ ಮತ್ತೆ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು ಬೇಕು.

ಇನ್ನೊಂದು ತೊಡಕು ಇತ್ತು. ಅದು ನನ್ನಂಥ ಪ್ರೆಸ್ಸಿನವನಿಗೆ ಬೇಗ ಅರ್ಥವಾಗುತ್ತದೆ. ಅಮೆರಿಕ, ಕೆನಡಾ, ಜಪಾನಿನ ಟೀವಿ ಚಿತ್ರದಲ್ಲಿ 525 ಗೆರೆ. ಯೂರೋಪಿನ ಹೆಚ್ಚಿನ ದೇಶಗಳಲ್ಲಿ 625. ಬ್ರಿಟನ್ನಿನ ಹಳೇ ಪದ್ಧತಿ 405, ಫ್ರಾನ್ಸಿನದು 819. ಒಬ್ಬನದು ಡೆಮಿ, ಒಬ್ಬನದು ಕ್ರೌನ್, ಇನ್ನೊಬ್ಬನದು ಫೂಲ್‌ಸ್ಕೇಪ್ ಎನ್ನುವ ಹಾಗೆ. ಒಂದು ಅಳತೆಯ ಚಿತ್ರವನ್ನು ಇನ್ನೊಂದು ಅಳತೆಗೆ ಆಯಾ ಗಳಿಗೆಯಲ್ಲೇ ಪರಿವರ್ತಿಸಿ ಕಳಿಸಬೇಕಿತ್ತು. ಮಾಡಿದರು. ಯಾರೂ 'ಎಲ್ಲರೂ ಮೊದಲು ನಮ್ಮ ಅಳತೆಗೆ ಬನ್ನಿ, ಆಮೇಲೆ ಕಾರ್ಯಕ್ರಮ ನೋಡೋಣ' ಎನ್ನಲಿಲ್ಲ!

ಪಾಲ್ಗೊಂಡ ದೇಶಗಳು ಹದಿನಾಲ್ಕು: ಆಸ್ಟ್ರೇಲಿಯ, ಆಸ್ಟ್ರಿಯ, ಕೆನಡಾ, ಡೆನ್ಮಾರ್ಕ್, ಫ್ರಾನ್ಸ್, ಇಟಲಿ, ಜಪಾನ್, ಮೆಕ್ಸಿಕೊ, ಸ್ಪೇನ್, ಸ್ವೀಡನ್, ಟ್ಯುನೀಷಿಯ, ಬ್ರಿಟನ್, ಅಮೆರಿಕ, ಪಶ್ಚಿಮ ಜರ್ಮನಿ. ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯೂರೋಪಿನ ಅದರ ಜೊತೆಗಾರರೂ ಸೇರಬೇಕಿತ್ತು. ಅದೇ ಜೂನ್ ತಿಂಗಳಲ್ಲಿ ಇಸ್ರೇಲಿಗೂ ಅರಬ್ ದೇಶಗಳಿಗೂ ಆರು ದಿನದ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಪಶ್ಚಿಮದ ದೇಶಗಳ ನಿಲುವನ್ನು ಪ್ರತಿಭಟಿಸಿ ಅವರು ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ಹಿಂದೆ ಸರಿದರು.

ಕಾರ್ಯಕ್ರಮಕ್ಕೆ ಎರಡು ನಿಯಮ ಮಾಡಿಕೊಂಡಿದ್ದರು. ಒಂದು, ಎಲ್ಲವೂ ನೇರ ಪ್ರಸಾರವೇ ಆಗಬೇಕು, ಮೊದಲೇ ತೆಗೆದಿಟ್ಟ ಫಿಲಂ ಅಥವಾ ಟೇಪು ಹಾಕಬಾರದು. ಎರಡು, ರಾಜಕಾರಣಿಗಳಿಗೂ ರಾಷ್ಟ್ರಾಧ್ಯಕ್ಷರಿಗೂ ಪ್ರವೇಶವಿಲ್ಲ. (ಈ ಎರಡನೇ ನಿಯಮ ನಮ್ಮ ಸಭೆಗಳಿಗೂ ಬಂದರೆ ಹಾರದ ಖರ್ಚೂ ಫ್ಲೆಕ್ಸಿನ ಖರ್ಚೂ ಉಳಿಯುತ್ತದೆ. ಹಾಗೆಂದು ನನಗೆ ಫ್ಲೆಕ್ಸ್ ಆರ್ಡರು ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.) ತಮಾಷೆ ಏನೆಂದರೆ ಆ ಭಾನುವಾರವೇ ಅಮೆರಿಕದ ಅಧ್ಯಕ್ಷ ಜಾನ್ಸನ್ ಮತ್ತು ಸೋವಿಯತ್ ಪ್ರಧಾನಿ ಕೊಸಿಗಿನ್ ನ್ಯೂಜೆರ್ಸಿಯ ಗ್ಲಾಸ್‌ಬರೊ ಎಂಬ ಸಣ್ಣ ಊರಿನಲ್ಲಿ ಮಾತುಕತೆಗೆ ಕೂತಿದ್ದರು. ಲೋಕದ ಎರಡು ದೊಡ್ಡ ಶಕ್ತಿಗಳ ಮುಖಂಡರು ಒಂದೇ ಮನೆಯೊಳಗೆ! ಕ್ಯಾಮೆರಾ ಅಲ್ಲಿಗೆ ಹೋಯಿತು. ಆದರೆ ನಿಯಮ ನಿಯಮವೇ. ಮನೆಯನ್ನು ಹೊರಗಿನಿಂದ ತೋರಿಸಿದರು, ಒಳಗಿದ್ದವರ ಮುಖ ತೋರಿಸಲಿಲ್ಲ.

ಹಾಗಾದರೆ ಏನು ತೋರಿಸಿದರು? ಆಗಷ್ಟೇ ಹುಟ್ಟಿದ ಕೂಸುಗಳನ್ನು ತೋರಿಸಿದರು. ಜಪಾನಿನಲ್ಲಿ, ಮೆಕ್ಸಿಕೊದಲ್ಲಿ, ಡೆನ್ಮಾರ್ಕಿನಲ್ಲಿ, ಕೆನಡಾದಲ್ಲಿ ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿದ ಹಸುಗೂಸುಗಳು. ಕೆನಡಾದ ಆಲ್ಬರ್ಟಾದಲ್ಲಿ ಕುದುರೆ ಮೇಲೆ ಕೂತು ದನ ಅಟ್ಟುವವನು. ಟೋಕಿಯೊದಲ್ಲಿ ನೆಲದಡಿ ರೈಲುದಾರಿ ಅಗೆಯುವ ಕೆಲಸಗಾರರು. ನಸುಕಿನ ಕತ್ತಲಲ್ಲಿ ಮೆಲ್ಬರ್ನಿನ ಡಿಪೊದಿಂದ ಹೊರಡುವ ಟ್ರಾಮುಗಳು. ಯೂರೋಪಿನಲ್ಲಿ ಬೇಸಿಗೆಯ ಸಂಜೆಯಾದರೆ ಆಸ್ಟ್ರೇಲಿಯದಲ್ಲಿ ಚಳಿಗಾಲದ ಬೆಳಗಿನ ಜಾವ, ಹೊತ್ತು ಮೂಡಲು ಇನ್ನೂ ಎಷ್ಟೋ ಸಮಯ ಇತ್ತು. ನಮ್ಮ ದೇಶದ ಗಡಿಯಾರದಲ್ಲಿ ಆಗ ನಡುರಾತ್ರಿ ದಾಟಿ 26ನೇ ತಾರೀಕು ಹುಟ್ಟಿಯಾಗಿತ್ತು. ಜಪಾನಿನಿಂದ ಆಸ್ಟ್ರೇಲಿಯಕ್ಕೆ ಹೊರಳುವ ಆ ಗಳಿಗೆಯೇ ಎಲ್ಲಕ್ಕಿಂತ ಕಷ್ಟದ್ದಂತೆ. ಕಳಿಸುತ್ತಿದ್ದ ಜಪಾನಿನ ಭೂಕೇಂದ್ರ ತಕ್ಷಣ ಪಡೆಯುವ ಕಡೆಗೆ ತಿರುಗಬೇಕು, ಪಡೆಯುತ್ತಿದ್ದ ಆಸ್ಟ್ರೇಲಿಯದ ಕೇಂದ್ರ ಕಳಿಸುವ ಕಡೆಗೆ ತಿರುಗಬೇಕು. ಕೈ ತಪ್ಪಿದ್ದರೆ ಜಗತ್ತಿನ ಪರದೆಯೆಲ್ಲ ಕಪ್ಪು!

ಇನ್ನು ಕಲೆಯ ಭಾಗ. ಇಟಲಿಯಲ್ಲಿ ಝೆಫಿರೆಲ್ಲಿ ಎಂಬ ನಿರ್ದೇಶಕ 'ರೋಮಿಯೊ ಅಂಡ್ ಜೂಲಿಯೆಟ್' ಸಿನಿಮಾ ಚಿತ್ರೀಕರಣದಲ್ಲಿದ್ದುದನ್ನು ತೋರಿಸಿದರು. ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮತ್ತು ಪಿಯಾನೊ ವಾದಕ ವ್ಯಾನ್ ಕ್ಲೈಬರ್ನ್ ತಾಲೀಮು ನಡೆಸುತ್ತಿದ್ದರು. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿರುವ ದೊಡ್ಡ ರೇಡಿಯೊ ದೂರದರ್ಶಕವನ್ನೂ ತೋರಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಲೋಕ ನೆನಪಿಟ್ಟುಕೊಂಡದ್ದು ಲಂಡನ್ನಿನ ಆಬಿ ರೋಡಿನ ಸ್ಟುಡಿಯೊದಿಂದ ಬಂದ ಬೀಟಲ್ಸ್ ತಂಡದ ಹಾಡನ್ನು. 'ಆಲ್ ಯೂ ನೀಡ್ ಈಸ್ ಲವ್' ಎಂಬ ಆ ಹಾಡನ್ನು ಈ ಕಾರ್ಯಕ್ರಮಕ್ಕೆಂದೇ ಕೊಟ್ಟರು. ಬೇರೆ ಬೇರೆ ಭಾಷೆಯವರಿಗೂ ತಿಳಿಯಲಿ ಎಂದು ಮಾತು ಸರಳವಾಗಿಟ್ಟರು. ಹಾಡು ಶುರುವಾಗುವುದೇ ಫ್ರಾನ್ಸಿನ ರಾಷ್ಟ್ರಗೀತೆಯ ಸ್ವರದಿಂದ. ನೇರ ಪ್ರಸಾರದ ನಿಯಮ ಇದ್ದರೂ ಹಿಮ್ಮೇಳದ ಒಂದಿಷ್ಟು ಭಾಗವನ್ನು ಮೊದಲೇ ಧ್ವನಿಮುದ್ರಿಸಿಟ್ಟು, ಅದರ ಮೇಲೆ ಹಾಡಿದರು. ಜಗತ್ತಿನ ಎದುರು ಶ್ರುತಿ ತಪ್ಪಿದರೆ ಏನು ಗತಿ? ಯಾರಿಗಾದರೂ ಎದೆ ಡವಡವ ಅನ್ನದೆ ಇರುತ್ತದೆಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಬಂಧುಗಳೇ. ಇಷ್ಟು ದೇಶ, ಇಷ್ಟು ಜನ, ಮಾತು ಯಾವುದು?

ಕಾರ್ಯಕ್ರಮ ಶುರುವಾದದ್ದೇ ವಿಯೆನ್ನಾದ ಬಾಲಕರ ಗಾಯನ ತಂಡದಿಂದ. ಆ ಮಕ್ಕಳು ಕಾರ್ಯಕ್ರಮದ ಮೊದಲ ಹಾಡನ್ನು 22 ಭಾಷೆಗಳಲ್ಲಿ ಹಾಡಿದರು. ಇದನ್ನು ಬರೇ ಶೋಕಿ ಎನ್ನಬಹುದು, ನಾವು ಸಮಾರಂಭದಲ್ಲಿ ನಾಡಗೀತೆ ಹಾಡಿಸಿ ಆಮೇಲೆ ಇಂಗ್ಲಿಷಿನಲ್ಲಿ ಭಾಷಣ ಹೊಡೆಯುವ ಹಾಗೆ. ಆದರೆ ಅಲ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ದೇಶಕ್ಕೂ ಅದರದೇ ನಿರೂಪಕರಿದ್ದರು. ಚಿತ್ರ ಎಲ್ಲರಿಗೂ ಒಂದೇ. ಚಿತ್ರದ ಜೊತೆಗೆ ಬರುವ ಮಾತು ತಮ್ಮ ಭಾಷೆಯದಲ್ಲದಿದ್ದರೆ, ದುಭಾಷಿಗಳು ಅಲ್ಲಲ್ಲೇ, ಆಯಾ ಗಳಿಗೆಯಲ್ಲೇ ತಮ್ಮ ಜನರ ಮಾತಿನಲ್ಲಿ ಹೇಳುತ್ತಿದ್ದರು. ಟೋಕಿಯೊದ ಸುರಂಗದ ಕೆಲಸ ನೋಡಿದ ಸ್ವೀಡನ್ನಿನವನಿಗೆ ವಿವರಣೆ ಸ್ವೀಡಿಷ್ ಭಾಷೆಯಲ್ಲಿ. ಮೆಲ್ಬರ್ನಿನ ಟ್ರಾಮು ನೋಡಿದ ಜಪಾನಿನವನಿಗೆ ಜಪಾನಿ ಭಾಷೆಯಲ್ಲಿ. ಯಾರಿಗೂ 'ಒಂದು ದಿನದ ಮಟ್ಟಿಗೆ ಇಂಗ್ಲಿಷು ಸಹಿಸಿಕೊಳ್ಳಿ, ಇದು ಲೋಕದ ಕಾರ್ಯಕ್ರಮ' ಎನ್ನಲಿಲ್ಲ.

ಇದೇನೂ ಆ ದಿನವೇ ಕಂಡುಹಿಡಿದ ಮಾಯೆಯಲ್ಲ. ಯೂರೋಪಿನಲ್ಲಿ 1954ರಿಂದಲೇ ದೇಶದೇಶಗಳ ನಡುವೆ ಟೀವಿ ಕಾರ್ಯಕ್ರಮ ಹಂಚಿಕೊಳ್ಳುವ ಯೂರೋವಿಷನ್ ಜಾಲ ಇತ್ತು. ಅಲ್ಲಿ ರೂಢಿಯಾಗಿದ್ದ ಪದ್ಧತಿ ಇದು. ಚಿತ್ರದ ಜೊತೆ ಸ್ಥಳದ ಸದ್ದನ್ನು ಮಾತ್ರ ಕಳಿಸುತ್ತಾರೆ, ಅಂದರೆ ಜನರ ಗದ್ದಲ, ಚಪ್ಪಾಳೆ, ವಾದ್ಯ, ಗಾಡಿಯ ಸದ್ದು. ವಿವರಣೆ ಹೇಳುವವನ ದನಿಯನ್ನು ಅದಕ್ಕೆ ಬೆರೆಸುವುದಿಲ್ಲ. ಪಡೆದುಕೊಂಡ ದೇಶದವರು ತಮ್ಮ ವಿವರಣೆಕಾರನನ್ನು ಕೂರಿಸಿ ತಮ್ಮ ಮಾತನ್ನು ಮೇಲೆ ಸೇರಿಸಿಕೊಳ್ಳುತ್ತಾರೆ.

ನನ್ನ ಕಸುಬಿನಲ್ಲಿ ಇದನ್ನು ನಾವು ದಿನಾ ಮಾಡುತ್ತೇವೆ. ಬಣ್ಣದ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು: ಹಳದಿ, ಕೆಂಪು, ನೀಲಿ, ಕಪ್ಪು. ಕೆಂಪು ನೀಲಿ ಎಂದು ಬಾಯಿಮಾತಿಗೆ ಹೇಳಿದೆ, ನಮ್ಮವರು ಮಜೆಂಟಾ, ಸಯಾನ್ ಎನ್ನುತ್ತಾರೆ. ಒಂದು ಕಂಪನಿಯ ಕರಪತ್ರ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೇಕು ಎಂದರೆ ನಾವು ಹನ್ನೆರಡು ಪ್ಲೇಟು ಹಾಕುವುದಿಲ್ಲ. ಚಿತ್ರದ ಮೂರು ಬಣ್ಣದ ಪ್ಲೇಟು ಎಲ್ಲಕ್ಕೂ ಅವೇ. ಅಕ್ಷರಗಳನ್ನೆಲ್ಲ ಕಪ್ಪಿನಲ್ಲಿ ಇಟ್ಟಿರುತ್ತೇವೆ. ಕನ್ನಡದ ಪ್ರತಿ ಮುಗಿದ ಮೇಲೆ ಕಪ್ಪು ಪ್ಲೇಟು ಒಂದನ್ನು ಬಿಚ್ಚಿ ತಮಿಳಿನದು ಹಾಕುತ್ತೇವೆ. ಒಟ್ಟು ಆರೇ ಪ್ಲೇಟು. ಗೋಡೆ ಕ್ಯಾಲೆಂಡರು ನೋಡಿ. ಶಿವಕಾಶಿಯಿಂದ ದೇವರ ಚಿತ್ರ ಅಚ್ಚಾಗಿ ಬರುತ್ತದೆ, ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಅಂಗಡಿಯ ಹೆಸರನ್ನು ನಾವು ಕನ್ನಡದಲ್ಲಿ ಹಾಕಿಕೊಡುತ್ತೇವೆ. ಖರ್ಚು ಚಿತ್ರದ್ದು ಸ್ವಾಮಿ, ಮಾತಿನದ್ದಲ್ಲ. ಟೀವಿಯಲ್ಲೂ ಹಾಗೇ. ಉಪಗ್ರಹ, ಕ್ಯಾಮೆರಾ, ನಟರು, ಸೆಟ್ಟು, ಇವೆಲ್ಲಕ್ಕೆ ಸುರಿಯುವ ದುಡ್ಡಿನ ಮುಂದೆ ಇನ್ನೊಂದು ದನಿ ಸೇರಿಸುವ ದುಡ್ಡು ಲೆಕ್ಕಕ್ಕಿಲ್ಲ.

ಆ ದಿನದ ಕಾರ್ಯಕ್ರಮದಲ್ಲಿ ಕೆನಡಾದ ಮಾರ್ಷಲ್ ಮೆಕ್ಲೂಹನ್ ಅವರ ಸಂದರ್ಶನವೂ ಇತ್ತು, ಟೊರಾಂಟೊದ ಟೀವಿ ನಿಯಂತ್ರಣ ಕೊಠಡಿಯಲ್ಲಿ. ಜಗತ್ತೇ ಒಂದು ಹಳ್ಳಿ ಆಗುತ್ತಿದೆ ಎಂಬ ಮಾತನ್ನು ಲೋಕಕ್ಕೆ ರೂಢಿ ಮಾಡಿಸಿದವರು ಅವರೇ. ಈಗ ಈ 'ಜಾಗತಿಕ ಹಳ್ಳಿ' ಎಂಬ ಮಾತು ಕೇಳಿದರೆ ಕೆಲವರು ಹಳ್ಳಿ ಎಂದರೆ ಎಲ್ಲರೂ ಒಂದೇ ಮಾತು ಆಡುವ ಜಾಗ ಎಂದುಕೊಂಡುಬಿಡುತ್ತಾರೆ. ಅವರು ಹಳ್ಳಿ ನೋಡಿದವರಲ್ಲ. ಕೋಲಾರದ ಕಡೆಯ ಒಂದು ಹಳ್ಳಿಗೆ ಹೋಗಿ, ಕನ್ನಡ ತೆಲುಗು ಎರಡೂ ಒಂದೇ ಜಗಲಿಯಲ್ಲಿ ಕೂತಿರುತ್ತವೆ. ದಕ್ಷಿಣ ಕನ್ನಡಕ್ಕೆ ಹೋಗಿ, ತುಳು, ಕೊಂಕಣಿ, ಬ್ಯಾರಿ, ಕನ್ನಡ. ಮೆಕ್ಲೂಹನ್ ಅವರ ಕೆನಡಾದಲ್ಲೇ ಇಂಗ್ಲಿಷಿಗೆ ಸಿಬಿಸಿ, ಫ್ರೆಂಚಿಗೆ ರೇಡಿಯೊ-ಕೆನಡಾ ಎಂದು ಎರಡು ಬೇರೆ ಸೇವೆಗಳು ಇದ್ದವು, ಇಂದಿಗೂ ಇವೆ.

ಹೊಗಳಿದ್ದು ಸಾಕು, ಈಗ ಹುಳುಕನ್ನೂ ಹೇಳಬೇಕು. 'ನಮ್ಮ ಜಗತ್ತು' ಎಂದು ಹೆಸರಿಟ್ಟರಲ್ಲ, ಆ ಹದಿನಾಲ್ಕರ ಪಟ್ಟಿಯನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಆಫ್ರಿಕಾದಿಂದ ಟ್ಯುನೀಷಿಯ ಒಂದೇ. ಏಷ್ಯಾದಿಂದ ಜಪಾನ್ ಒಂದೇ. ದಕ್ಷಿಣ ಅಮೆರಿಕದಿಂದ ಒಂದೂ ಇಲ್ಲ. ಭಾರತ ಇಲ್ಲ, ಚೀನಾ ಇಲ್ಲ. ಸೋವಿಯತ್ತಿನವರು ಹೋದ ಮೇಲೆ ಭೂಪಟದಲ್ಲಿ ಅರ್ಧಕ್ಕರ್ಧ ಖಾಲಿ. ಯಂತ್ರ ಇದ್ದವರ ಜಗತ್ತು ಅದು, ಎಲ್ಲರ ಜಗತ್ತಲ್ಲ. 24 ದೇಶಗಳಲ್ಲಿ ಪ್ರಸಾರವಾಯಿತು, 40 ಕೋಟಿಯಿಂದ 70 ಕೋಟಿ ಜನ ನೋಡಿದರು ಎಂದು ಬರೆಯುತ್ತಾರೆ. 40ಕ್ಕೂ 70ಕ್ಕೂ ನಡುವೆ 30 ಕೋಟಿಯ ಅಂತರ ಇದೆ. ಇಂಥ ಅಂದಾಜನ್ನು ನಮ್ಮ ಪ್ರೆಸ್ಸಿನಲ್ಲಿ ಯಾರಾದರೂ ಕಾಗದದ ಲೆಕ್ಕಕ್ಕೆ ಕೊಟ್ಟರೆ ನಾನು ಆರ್ಡರನ್ನೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ಅದನ್ನು ದೊಡ್ಡ ವ್ಯಾಪಾರಿ ಚಾನೆಲ್ಲುಗಳು ತೋರಿಸಲಿಲ್ಲ, ಎನ್‌ಇಟಿ ಎಂಬ ಶೈಕ್ಷಣಿಕ ಟೀವಿ ಜಾಲ ತೋರಿಸಿತು. ಜಾಹೀರಾತಿನ ಲಾಭ ಇಲ್ಲದ ಕಡೆ ವ್ಯಾಪಾರಿಗಳು ಕಾಲಿಡುವುದಿಲ್ಲ, ಅದು ಎಲ್ಲ ದೇಶದಲ್ಲೂ ಒಂದೇ.

ಆಗ ನಮ್ಮಲ್ಲಿ ಏನಿತ್ತು? 1967ರಲ್ಲಿ ಇಡೀ ಭಾರತದಲ್ಲಿ ಟೀವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. 1959ರ ಸೆಪ್ಟೆಂಬರ್ 15ರಂದು ಪ್ರಯೋಗ ಎಂದು ಶುರುವಾಗಿ, 1965ರಿಂದ ದಿನವೂ ಪ್ರಸಾರವಾಗುತ್ತಿತ್ತು. ಆಕಾಶವಾಣಿಯ ಒಂದು ಕೋಣೆ ಇದ್ದ ಹಾಗೆ. ಅದೇ 1967ರ ಜನವರಿ 26ರಂದು ರೈತರಿಗಾಗಿ 'ಕೃಷಿ ದರ್ಶನ' ಶುರು ಮಾಡಿದರು. ಅದೇ ವರ್ಷ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಆಸ್ಥೆಯಿಂದ ಉಪಗ್ರಹ ಸಂಪರ್ಕ ಕಲಿಯುವ ಪ್ರಾಯೋಗಿಕ ಭೂಕೇಂದ್ರವೂ ಎದ್ದಿತು. ನಾವು ಮಲಗಿರಲಿಲ್ಲ, ಕಲಿಯುತ್ತಿದ್ದೆವು.

ಕಲಿತದ್ದು ಕನ್ನಡಕ್ಕೆ ಬಂದದ್ದು 1975ರಲ್ಲಿ. ಇದನ್ನು ನಮ್ಮ ಹುಡುಗರು ತಿಳಿದುಕೊಳ್ಳಬೇಕು. 1967ರ ಕಾರ್ಯಕ್ರಮದಲ್ಲಿ ಬಳಸಿದ ನಾಸಾದ ಉಪಗ್ರಹದ ಹೆಸರು ಎಟಿಎಸ್-1. ಅದೇ ಸಾಲಿನ ಆರನೆಯದು ಎಟಿಎಸ್-6. ಅದನ್ನು ಒಂದು ವರ್ಷದ ಮಟ್ಟಿಗೆ ಭಾರತ ಬಳಸಿಕೊಂಡಿತು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಇಟ್ಟರು. 'ಸೈಟ್' ಪ್ರಯೋಗ ಎಂದು ಹೆಸರು. ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ ದೊಡ್ಡ ಆಂಟೆನಾ, ಅದರ ಕೆಳಗೆ ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದರಲ್ಲಿ ಇದ್ದವು. ಕಾರ್ಯಕ್ರಮ ತಯಾರಾದದ್ದು ಹೈದರಾಬಾದಿನಲ್ಲಿ, ಭಾಷೆ ಕನ್ನಡ. ಬೆಂಗಳೂರಿನ ಸಾಹೇಬರ ಬಂಗಲೆಗೆ ಟೀವಿ ಬರುವ ಮುಂಚೆ ರಾಯಚೂರಿನ ಹೊಲದ ಕೆಲಸದವರ ಮುಂದೆ ಟೀವಿ ಕನ್ನಡ ಮಾತಾಡಿತು!

ಇನ್ನೂ ಗಮನಿಸಬೇಕಾದ್ದು ಆ ಉಪಗ್ರಹದ ಏರ್ಪಾಡು. ಒಂದು ಚಿತ್ರದ ಜೊತೆಗೆ ಎರಡು ದನಿ ಕಳಿಸುವ ಅನುಕೂಲ ಅದರಲ್ಲಿತ್ತು. ಚಿತ್ರ ಒಂದೇ, ಒಂದು ಕಡೆ ತೆಲುಗು ಕೇಳಬಹುದು, ಇನ್ನೊಂದು ಕಡೆ ಕನ್ನಡ. ಇದು 1975ರ ಮಾತು. ಕಪ್ಪು ಪ್ಲೇಟು ಬಿಚ್ಚಿ ಹಾಕುವ ನಮ್ಮ ಕೆಲಸವನ್ನೇ ಆಕಾಶದಲ್ಲಿ ನಿಂತು ಮಾಡಿದ ಹಾಗೆ.

ಆಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ಟೀವಿ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಸಂತೋಷಪಡುತ್ತಿದ್ದ ಹಾಗೇ, ಒಂದು ವರ್ಷವೂ ತುಂಬುವ ಮೊದಲು, 1982ರ ಆಗಸ್ಟ್ 15ರಂದು ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಎಂಬುದು ಶುರುವಾಯಿತು. ರಾತ್ರಿ ಜನ ಊಟ ಮಾಡಿ ಟೀವಿ ಮುಂದೆ ಕೂರುವ ಹೊತ್ತು ದೆಹಲಿಯದಾಯಿತು. ಆ ಹೊತ್ತಿನಲ್ಲಿ ರಾಜ್ಯಗಳ ಕೇಂದ್ರಗಳೆಲ್ಲ ದೆಹಲಿಗೆ ಕೊಂಡಿ ಹಾಕಿಕೊಂಡು ಹಿಂದಿ, ಇಂಗ್ಲಿಷ್ ಪ್ರಸಾರ ಮಾಡಬೇಕು. ಉಪಗ್ರಹ ಇತ್ತು, ಬಣ್ಣ ಬಂತು, ಹಣ ಇತ್ತು. ಏಳು ವರ್ಷದ ಹಿಂದೆ ಹಳ್ಳಿಗಾಗಿ ಮಾಡಿ ತೋರಿಸಿದ್ದ ಎರಡನೇ ದನಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಆಗುವುದಿಲ್ಲ ಎಂದದ್ದು ಯಂತ್ರವಲ್ಲ, ಮನಸ್ಸು.

1987ರಲ್ಲಿ 'ರಾಮಾಯಣ' ಧಾರಾವಾಹಿ ಬಂದಾಗ ನಾನು ಸಣ್ಣ ಹುಡುಗ. ನಮ್ಮ ಬೀದಿಗೆಲ್ಲ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಕೆಲವರು ಟೀವಿಗೇ ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಹಿಂದಿ ಯಾರಿಗೂ ಬರದು. ಮುಂಬಯಿಯ ಹೋಟೆಲಿನಲ್ಲಿ ಹತ್ತಾರು ವರ್ಷ ದುಡಿದು ಬಂದಿದ್ದ ಒಬ್ಬ ಮಾವ ಇದ್ದರು, ಅವರಿಗೆ ಮುಂದಿನ ಸಾಲಿನಲ್ಲಿ ಖಾಯಂ ಜಾಗ. "ಏನಂದನಪ್ಪ ಅವನು?" ಎಂದು ನಮ್ಮಜ್ಜಿ ಕೇಳುವುದು, ಅವರು "ಕಾಡಿಗೆ ಹೋಗ್ತೀನಿ ಅಂದ ಕಣಮ್ಮ" ಎನ್ನುವುದು, ಅಷ್ಟರಲ್ಲಿ ದಶರಥ ಇನ್ನೇನೋ ಹೇಳಿ ಮೂರ್ಛೆ ಬಿದ್ದಿರುತ್ತಿದ್ದ! ನಮ್ಮಜ್ಜಿಗೆ ರಾಮಾಯಣ ಆ ಟೀವಿಗಿಂತ ಚೆನ್ನಾಗಿ ಗೊತ್ತಿತ್ತು, ಅದು ಬೇರೆ ಮಾತು. ಆದರೆ ನೋಡಿ, 1967ರಲ್ಲಿ ಹದಿನಾಲ್ಕು ದೇಶ ಸೇರಿ ದುಭಾಷಿಗಳನ್ನು ಕೂರಿಸಿ ಮಾಡಿದ ಕೆಲಸವನ್ನು ಇಪ್ಪತ್ತು ವರ್ಷದ ಮೇಲೆ ನಮ್ಮ ಬೀದಿಯಲ್ಲಿ ಮುಂಬಯಿ ಮಾವ ಒಬ್ಬರೇ, ಸಂಬಳವಿಲ್ಲದೆ ಮಾಡಬೇಕಾಯಿತು. ಆ ಮಾವ ಇಲ್ಲದ ಬೀದಿಯವರು ಏನು ಮಾಡಿದರು? ಬರೇ ಚಿತ್ರ ನೋಡಿದರು. ಟೀವಿ ಎಂದರೆ ಅರ್ಥವಾಗದಿದ್ದರೂ ನೋಡುವಂಥದ್ದು ಎಂಬುದು ಒಂದು ತಲೆಮಾರಿಗೆ ರೂಢಿಯಾಗಿಹೋಯಿತು. ನನಗೆ ಹೆಚ್ಚು ನೋವು ಕೊಡುವುದು ಇದೇ.

ಎಲ್ಲ ತಪ್ಪನ್ನೂ ದೆಹಲಿಯ ತಲೆಗೆ ಕಟ್ಟಿದರೆ ಅದೂ ನ್ಯಾಯವಲ್ಲ. ನಮ್ಮಲ್ಲೇ ದಶಕಗಳ ಕಾಲ ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗೆ ಕನ್ನಡದ ದನಿ ಕೊಡಬಾರದು ಎಂಬ ಕಟ್ಟುಪಾಡು ಇತ್ತು. ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ, ಕಾರ್ಮಿಕರ ಅನ್ನ ಹೋಗುತ್ತದೆ ಎಂಬ ಭಯ. ಆ ಭಯವನ್ನು ನಾನು ಗೇಲಿ ಮಾಡುವುದಿಲ್ಲ. ನಮ್ಮ ಪ್ರೆಸ್ಸಿಗೆ ಕಂಪ್ಯೂಟರು, ಆಫ್‌ಸೆಟ್ಟು ಬಂದಾಗ ಮೊಳೆ ಜೋಡಿಸುತ್ತಿದ್ದ ಹಿರಿಯರು ಮನೆಗೆ ಹೋದದ್ದನ್ನು ಕಣ್ಣಾರೆ ಕಂಡವನು ನಾನು. ಅವರಲ್ಲಿ ಇಬ್ಬರು ಕೀಬೋರ್ಡು ಕಲಿತರು, ಉಳಿದವರು ಕಲಿಯಲಿಲ್ಲ. ಆದರೂ ಕೇಳುತ್ತೇನೆ, ಕನ್ನಡದ ದನಿ ಬೇಡ ಎಂದಾಗ ನಮ್ಮ ಜನ ನೋಡುವುದನ್ನು ಬಿಟ್ಟರೇ? ಇಲ್ಲ. ಹಿಂದಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ನೋಡಿದರು, ಆ ಭಾಷೆ ಕಲಿತರು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಕನ್ನಡದ ದನಿ ಕೊಟ್ಟ 'ಮಹಾಭಾರತ' ಖಾಸಗಿ ಚಾನೆಲ್ಲಿನಲ್ಲಿ ಬಂದಾಗ ಅಜ್ಜಿಯರು, ಮಕ್ಕಳು ಒಟ್ಟಿಗೆ ಕೂತು ನೋಡಿದರು, ಯಾವ ಮಾವನನ್ನೂ ಕೇಳಲಿಲ್ಲ. ನಮ್ಮ ಬಳಗದಲ್ಲೇ ಈ ವಿಚಾರದಲ್ಲಿ ಎರಡು ಅಭಿಪ್ರಾಯ ಇದೆ, ಮುಂದಿನ ಸಾಲಿನಲ್ಲಿ ಕೂತವರ ಮುಖ ನೋಡಿದರೇ ಗೊತ್ತಾಗುತ್ತದೆ! ಇರಲಿ, ಚಹಾ ಹೊತ್ತಿನಲ್ಲಿ ಜಗಳ ಆಡೋಣ.

ಈಗ ಐಪಿಎಲ್ ಕ್ರಿಕೆಟ್ಟಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಬರುತ್ತಿದೆ. ಆಟ ಒಂದೇ, ಚಿತ್ರ ಒಂದೇ, ದನಿ ಆಯಾ ಭಾಷೆಯದು. ಯೂರೋಪಿನವರು 1954ರಲ್ಲಿ ಮಾಡಿದ್ದೂ ಇದೇ. ಕೊಟ್ಟವರು ಪುಣ್ಯಕ್ಕೆ ಕೊಟ್ಟಿಲ್ಲ, ಕನ್ನಡದಲ್ಲಿ ಕೇಳುವ ಜನ ಇದ್ದಾರೆ, ಜಾಹೀರಾತು ಬರುತ್ತದೆ ಎಂಬ ಲೆಕ್ಕದಿಂದ ಕೊಟ್ಟರು. ಅಂದ ಮೇಲೆ ಆ ಲೆಕ್ಕದಲ್ಲಿ ನಾವು ಕಾಣಿಸಬೇಕು. ನಿಮ್ಮ ಮನೆಯ ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಇರುತ್ತದೆ. ಎಷ್ಟು ಜನ ಒತ್ತಿ ನೋಡಿದ್ದೀರಿ? ಪ್ರಾಣಿ ಪಕ್ಷಿ, ವಿಜ್ಞಾನ, ಮಕ್ಕಳ ಕಾರ್ಯಕ್ರಮದ ಚಾನೆಲ್ಲುಗಳನ್ನು ಒಂದೊಂದಾಗಿ ಹಾಕಿ ಆ ಗುಂಡಿ ಒತ್ತಿ. ಕೆಲವದರಲ್ಲಿ ಕನ್ನಡ ಸಿಗುತ್ತದೆ, ಇದ್ದರೂ ನಾವು ಹಾಕಿಕೊಂಡಿರುವುದಿಲ್ಲ. ಕೆಲವದರಲ್ಲಿ ಹಿಂದಿ, ತಮಿಳು, ತೆಲುಗು ಇದ್ದು ಕನ್ನಡ ಇರುವುದಿಲ್ಲ. ಇದ್ದ ಕಡೆ ಕನ್ನಡಕ್ಕೇ ಇಟ್ಟುಬಿಡಿ. ಇಲ್ಲದ ಕಡೆ ಹೆಸರು ಬರೆದಿಟ್ಟುಕೊಳ್ಳಿ.

ಅದಕ್ಕಾಗಿ ನಾನು ಒಂದು ಸಣ್ಣ ಕೆಲಸ ಮಾಡಿದ್ದೇನೆ. ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಯಿಂದ ಮಿಕ್ಕ ದಪ್ಪ ಕಾಗದ ಬಿದ್ದಿತ್ತು, ಅದನ್ನು ಕತ್ತರಿಸಿ ಐನೂರು ಕಾರ್ಡು ಅಚ್ಚು ಹಾಕಿಸಿದ್ದೇನೆ. "ನಿಮ್ಮ ಚಾನೆಲ್ಲನ್ನು ನಮ್ಮ ಮನೆಯಲ್ಲಿ ನೋಡುತ್ತೇವೆ. ಕನ್ನಡದ ದನಿ ಕೊಡಿ" ಎಂದು ಇದೆ, ಅಷ್ಟೇ, ಬೈಗುಳ ಇಲ್ಲ. ಚಾನೆಲ್ಲಿನ ಹೆಸರು, ವಿಳಾಸ, ನಿಮ್ಮ ಊರು ಬರೆಯಲು ಜಾಗ ಬಿಟ್ಟಿದ್ದೇನೆ. ಬಾಗಿಲ ಹತ್ತಿರ ಮೇಜಿನ ಮೇಲೆ ಇವೆ, ಹೋಗುವಾಗ ಮನೆಗೆ ಎರಡೆರಡು ತೆಗೆದುಕೊಂಡು ಹೋಗಿ. ಅಂಚೆ ಚೀಟಿ ಮಾತ್ರ ನೀವೇ ಹಚ್ಚಬೇಕು.